ಸೊಂಟದಲ್ಲಿ ಪಿಸ್ತೂಲು, ಮೈತುಂಬ ಬೆವರು: ಉತ್ತರ ಕನ್ನಡದವರಿಗೆ ಹೋಲ್‌ಸ್ಟರ್ ಆಯ್ಕೆಯ ಸಮಗ್ರ ಮಾರ್ಗದರ್ಶಿ

ಹೋಲ್‌ಸ್ಟರ್, ಅಂದರೆ ಪಿಸ್ತೂಲನ್ನು ಮೈಗೆ ಕಟ್ಟಿಕೊಳ್ಳುವ ಕವಚ, ಚುಚ್ಚತೊಡಗಿದರೆ ಜನ ಏನು ಮಾಡುತ್ತಾರೆ? ಪಿಸ್ತೂಲನ್ನು ಸೊಂಟದಿಂದ ತೆಗೆದು ಬೇರೆಲ್ಲೋ ಇಡುತ್ತಾರೆ. ಸ್ಕೂಟರಿನ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ. ಅಲ್ಲಿಂದ ಅದು ಕಳ್ಳನ ಕೈಗೆ ಹೋಗಬಹುದು. ಮಗುವಿನ ಕೈಗೂ ಹೋಗಬಹುದು. ಆಮೇಲೆ ಪಿಸ್ತೂಲಿನ ಯಜಮಾನ ಎಷ್ಟು ಒಳ್ಳೆಯವನಾಗಿದ್ದರೂ ಪ್ರಯೋಜನವಿಲ್ಲ.

ಅದಕ್ಕೇ ಹೋಲ್‌ಸ್ಟರ್ ಮೈಗೆ ಹಿತವಾಗಿರುವುದನ್ನು ನಾನು ಸುರಕ್ಷತೆಯ ವಿಷಯ ಅಂತಲೇ ನೋಡುತ್ತೇನೆ. ಬೆಳಗ್ಗೆ ಕಟ್ಟಿಕೊಂಡ ಪಿಸ್ತೂಲು ಸಂಜೆ ಮನೆ ಸೇರುವವರೆಗೆ ಮೈಮೇಲೇ ಇರಬೇಕು. ಕಾರವಾರದ ಸೆಕೆಯಲ್ಲಿ, ಶಿರಸಿಯ ಮಳೆಯಲ್ಲಿ ಇದು ಸುಲಭವಲ್ಲ. ಒಣ ಹವೆಯ ಊರಿನವರು ಕೊಟ್ಟ ಸಲಹೆ ಇಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಇಲ್ಲಿನ ಬೆವರು, ಉಪ್ಪುಗಾಳಿ, ಪಂಚೆ, ಬೈಕು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಆರಿಸಬೇಕು.

ಮೊದಲು ಲೈಸೆನ್ಸ್ ಪುಸ್ತಕ ಬಿಚ್ಚಿ ನೋಡಿ

ನಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಅಂದ್ರೆ ಜಾಸ್ತಿ ಜನರಿಗೆ ನೆನಪಾಗುವುದು ಬೆಳೆ ರಕ್ಷಣೆಯ ಕೋವಿ. ತೋಟಕ್ಕೆ ಬರುವ ಮಂಗ, ಹಂದಿಯನ್ನು ಬೆದರಿಸಲು ಇಟ್ಟುಕೊಂಡಿರುತ್ತಾರೆ. ಈ ಬರಹ ಅವರಿಗಲ್ಲ. ಆತ್ಮರಕ್ಷಣೆಗೆ ಅಂತ ಪಿಸ್ತೂಲಿನ ಲೈಸೆನ್ಸ್ ಪಡೆದವರಿಗೆ.

2016ರ ಆರ್ಮ್ಸ್ ರೂಲ್ಸ್ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಒಯ್ಯುವುದಾದರೆ ಅದಕ್ಕೆಂದೇ ಮಾಡಿದ ಹೋಲ್‌ಸ್ಟರಿನಲ್ಲಿ ಮೈಗೆ ಕಟ್ಟಿಕೊಂಡಿರಬೇಕು, ಇಲ್ಲವೇ ಬೆನ್ನುಚೀಲದಂಥದ್ದರಲ್ಲಿ ಇಟ್ಟಿರಬೇಕು. ಆಯುಧ ಪೂರ್ತಿ ಮುಚ್ಚಿರಬೇಕು. ಅದರ ಮೇಲೆ ನಿಮ್ಮ ಹಿಡಿತ ಇರಬೇಕು. ಅಂದರೆ ಮರೆಯಾಗಿ ಒಯ್ಯುವುದು ಸುಮ್ನೆ ಸಂಕೋಚಕ್ಕೆ ಮಾಡುವ ಕೆಲಸವಲ್ಲ, ಕಾನೂನು ಕೇಳುವುದೂ ಅದನ್ನೇ. ಹಿಡಿ ಹೊರಗೆ ಕಾಣುವ ಹಾಗೆ ಅಂಗಿ ಎತ್ತಿ ಸಿಕ್ಕಿಸಿಕೊಂಡು ಮದುವೆ ಮನೆಯಲ್ಲಿ ಓಡಾಡುವುದು ಮೊದಲೇ ತಪ್ಪು.

ಇನ್ನೊಂದು, ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿ. ಜಿಲ್ಲೆಗೆ ಮಾತ್ರವೇ, ಕರ್ನಾಟಕಕ್ಕೋ, ಇಡೀ ದೇಶಕ್ಕೋ ನೋಡಿಕೊಳ್ಳಿ. ಕಾರವಾರದವರಿಗೆ ಇದು ದೊಡ್ಡ ವಿಷಯ. ನಮಗೆ ಮಡಗಾಂವ್ ಅಂದ್ರೆ ಪಕ್ಕದೂರು, ಅಲ್ವಾ? ಆದರೆ ಮಾಜಾಳಿ ಗಡಿ ದಾಟಿದ ಕೂಡಲೇ ಅದು ಬೇರೆ ರಾಜ್ಯ. ವ್ಯಾಪ್ತಿ ಕರ್ನಾಟಕಕ್ಕೆ ಮಾತ್ರ ಇದ್ದರೆ ಪಿಸ್ತೂಲು ಮನೆಯಲ್ಲೇ ಇರಲಿ.

ಕಾರವಾರದಿಂದ ಅಣಶಿ ಮೇಲೆ ಜೋಯಿಡಾ, ದಾಂಡೇಲಿ ಕಡೆ ಹೋಗುವವರು ಕಾಳಿ ಹುಲಿ ಸಂರಕ್ಷಿತ ಪ್ರದೇಶವನ್ನು ಮರೆಯಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಆಯುಧದೊಂದಿಗೆ ಹೋಗಲು ಮೊದಲೇ ಲಿಖಿತ ಅನುಮತಿ ಬೇಕು. ಆತ್ಮರಕ್ಷಣೆಯ ಲೈಸೆನ್ಸ್ ಇದೆ ಎಂಬುದು ಅಲ್ಲಿ ಉತ್ತರವಾಗುವುದಿಲ್ಲ. ಕೈಗಾ ಸ್ಥಾವರ, ಕದಂಬ ನೌಕಾನೆಲೆ, ಕೋರ್ಟು, ವಿಮಾನ ನಿಲ್ದಾಣ ಇಲ್ಲೆಲ್ಲ ಕೇಳುವುದೇ ಬೇಡ. ಚುನಾವಣೆ ಬಂದಾಗ ಠಾಣೆಯಲ್ಲಿ ಜಮಾ ಮಾಡಲು ಹೇಳುತ್ತಾರೆ. ಹೇಳಿದ ದಿನದೊಳಗೆ ಕೊಟ್ಟು ರಸೀದಿ ಇಸಿದುಕೊಳ್ಳಿ.

ಪಿಸ್ತೂಲು ಯಾವುದು, ದಿನ ಹೇಗಿದೆ

9 ಎಂಎಂ ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಕೆಯ ಅಳತೆ. ಹಾಗಾಗಿ ಸಾಮಾನ್ಯ ಲೈಸೆನ್ಸುದಾರರ ಹತ್ತಿರ ಇರುವ ಚಿಕ್ಕ ಪಿಸ್ತೂಲು ಹೆಚ್ಚಾಗಿ .32 ಬೋರಿನದು, ಅಂದರೆ 7.65 ಎಂಎಂ. ಸರ್ಕಾರಿ ಆರ್ಡನೆನ್ಸ್ ಫ್ಯಾಕ್ಟರಿಯ (ಶಸ್ತ್ರಾಸ್ತ್ರ ಕಾರ್ಖಾನೆಯ) ಅಶನಿ ಇರಬಹುದು. ಹಿರಿಯರಿಂದ ಬಂದ ಹಳೆಯ ವಾಲ್ಥರ್, ವೆಬ್ಲಿ, ಬ್ರೌನಿಂಗ್ ಇರಬಹುದು. ಹೋಲ್‌ಸ್ಟರನ್ನು ಆಯಾ ಮಾಡೆಲಿಗೇ ನೋಡಿ ಕೊಳ್ಳಬೇಕು. '.32ಕ್ಕೆ ಆಗುತ್ತೆ' ಅಂತ ಅಂಗಡಿಯವರು ಕೊಟ್ಟರೆ ಒಪ್ಪಬೇಡಿ. ಬೋರ್ ಒಂದೇ ಆದರೂ ಪಿಸ್ತೂಲಿನ ಆಕಾರ ಬೇರೆ ಬೇರೆ.

ಆನ್‌ಲೈನಿನಲ್ಲಿ ಸಿಗುವ ಚಂದದ ಹೋಲ್‌ಸ್ಟರುಗಳು ಬಹುಪಾಲು ವಿದೇಶದ 9 ಎಂಎಂ ಪಿಸ್ತೂಲುಗಳ ಅಳತೆಯವು. ಅದರಲ್ಲಿ ನಿಮ್ಮ ಪಿಸ್ತೂಲು ಕೂರಬಹುದು, ಆದರೆ ಸಡಿಲವಾಗಿ ಕೂರುತ್ತದೆ. ಸಡಿಲ ಕೂತದ್ದು ಓಡುವಾಗ ಬೀಳುತ್ತದೆ.

ಪಿಸ್ತೂಲನ್ನೊಮ್ಮೆ ಹೋಲ್‌ಸ್ಟರ್ ಕಣ್ಣಿನಿಂದ ನೋಡಿ. ಗುಂಡು ಹಾರದಂತೆ ತಡೆಯುವ ಸೇಫ್ಟಿ ಎಲ್ಲಿದೆ? ಒಳಗೆ ಜಾರಿಸುವಾಗ ಹೋಲ್‌ಸ್ಟರಿನ ಅಂಚು ಅದನ್ನು ತಳ್ಳಿ ಆಫ್ ಮಾಡುತ್ತದೆಯೇ? ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ಬಿಚ್ಚುವ ಗುಂಡಿ ಪಕ್ಕದಲ್ಲಿದ್ದರೆ ಹೋಲ್‌ಸ್ಟರ್ ಅದನ್ನು ಒತ್ತುತ್ತಿದೆಯೇ? ಹಳೆಯ ಯುರೋಪಿನ ಪಿಸ್ತೂಲುಗಳಲ್ಲಿ ಹಲವಕ್ಕೆ ಗುಂಡಿಯ ಬದಲು ಹಿಡಿಯ ಅಡಿಯಲ್ಲಿ ಕೊಕ್ಕೆ ಇರುತ್ತದೆ, ಅಲ್ಲಿ ಈ ತಾಪತ್ರಯ ಕಡಿಮೆ. ಹಿಂಬದಿಯಲ್ಲಿ ಬಡಿಯುವ ಹ್ಯಾಮರ್ ಹೊರಗಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆಯೋ ನೋಡಿ.

ಆಮೇಲೆ ನಿಮ್ಮ ದಿನದ ಲೆಕ್ಕ ಹಾಕಿ. ಶಿರಸಿಯ ಅಡಿಕೆ ವ್ಯಾಪಾರಿ ದಿನದ ಹೆಚ್ಚು ಹೊತ್ತು ಗಾದಿಯ ಮೇಲೋ ಕುರ್ಚಿಯ ಮೇಲೋ ಕೂತಿರುತ್ತಾರೆ. ಕಾರವಾರದ ಬೈತಖೋಲದಲ್ಲಿ ಮೀನು ವ್ಯವಹಾರ ಮಾಡುವವರು ನಸುಕಿನಲ್ಲೇ ಎದ್ದು ಒದ್ದೆ ನೆಲದ ಮೇಲೆ ಓಡಾಡುತ್ತಾರೆ. ಬಂಗಾರದ ಅಂಗಡಿಯವರು ಎಸಿಯಲ್ಲಿ ನಿಂತಿರುತ್ತಾರೆ, ರಾತ್ರಿ ಬೈಕ್ ಹತ್ತುತ್ತಾರೆ. ಈ ಮೂವರಿಗೂ ಒಂದೇ ಹೋಲ್‌ಸ್ಟರ್ ಹಿತವಾಗುವುದಿಲ್ಲ. ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಿ, ಎಷ್ಟು ಹೊತ್ತು ಬೈಕ್ ಮೇಲೆ, ಎಷ್ಟು ಸಲ ಬಗ್ಗುತ್ತೀರಿ, ಏನು ಉಡುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗುವಾಗ ಈ ಚೀಟಿ ಜೇಬಿನಲ್ಲಿರಲಿ.

ಟ್ರಿಗರ್ ಮುಚ್ಚಿರಬೇಕು, ಬಾಯಿ ತೆರೆದೇ ಇರಬೇಕು

ಹಿತದ ಮಾತಿಗೆ ಮೊದಲು ರಾಜಿ ಮಾಡಿಕೊಳ್ಳಬಾರದ ಮೂರು ಗುಣ ಹೇಳಿಬಿಡುತ್ತೇನೆ.

ಹೋಲ್‌ಸ್ಟರ್ ಟ್ರಿಗರ್ ಗಾರ್ಡನ್ನು (ಟ್ರಿಗರಿನ ಸುತ್ತಲಿನ ಬಳೆಯನ್ನು) ಎರಡೂ ಬದಿಯಿಂದ ಪೂರ್ತಿ ಮುಚ್ಚಬೇಕು. ಮುಚ್ಚಿದ ಗೋಡೆ ಗಟ್ಟಿ ಇರಬೇಕು. ಹೊರಗಿನಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಒಳಗಿನ ಟ್ರಿಗರ್ ಅಲುಗಾಡಬಾರದು. ಬಟ್ಟೆಯ ತೆಳು ಚೀಲಗಳು ಇಲ್ಲೇ ಸೋಲುತ್ತವೆ.

ಎರಡನೆಯದು, ಪಿಸ್ತೂಲು ಹೊರತೆಗೆದ ಮೇಲೂ ಹೋಲ್‌ಸ್ಟರಿನ ಬಾಯಿ ತೆರೆದಿರಬೇಕು. ಮೆತ್ತನೆಯ ಚರ್ಮದ ಬಾಯಿ ಮಡಚಿಕೊಳ್ಳುತ್ತದೆ. ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ನುಗ್ಗಿರುವಾಗ ಪಿಸ್ತೂಲನ್ನು ಒಳಗೆ ತಳ್ಳಿದರೆ ಬೆರಳು ಮಾಡುವ ಕೆಲಸವನ್ನು ಚರ್ಮವೇ ಮಾಡುತ್ತದೆ. ತೊಡೆಗೆ ಗುಂಡು ಹೊಕ್ಕ ಅಪಘಾತಗಳು ಹೀಗೆ ಆಗಿವೆ. ಹಳೆಯ ಚರ್ಮದ ಹೋಲ್‌ಸ್ಟರ್ ಎಷ್ಟೇ ಮೆತ್ತಗಾಗಿ ಮೈಗೆ ಹೊಂದಿಕೊಂಡಿದ್ದರೂ, ಬಾಯಿ ಸೋತಿದ್ದರೆ ಅದರ ಆಯುಸ್ಸು ಮುಗಿಯಿತು.

ಮೂರನೆಯದು ಹಿಡಿತ. ಖಾಲಿ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲಿಟ್ಟು ಹಾಸಿಗೆಯ ಮೇಲೆ ತಲೆಕೆಳಗಾಗಿ ಹಿಡಿದು ಅಲ್ಲಾಡಿಸಿ. ಬೀಳಬಾರದು. ಕೈಯಿಂದ ಎಳೆದರೆ ಮಾತ್ರ ಬರಬೇಕು. ಎಳೆದಾಗ ಹೋಲ್‌ಸ್ಟರ್ ಬೆಲ್ಟಿನಲ್ಲೇ ಉಳಿಯಬೇಕು, ಪಿಸ್ತೂಲಿನ ಜೊತೆ ಕಿತ್ತುಕೊಂಡು ಬರಬಾರದು. ಕಡಿಮೆ ಬೆಲೆಯ ಕ್ಲಿಪ್ಪುಗಳದ್ದು ಇದೇ ರೋಗ.

ಚರ್ಮವೋ, ಕೈಡೆಕ್ಸೋ, ನೈಲಾನೋ

ಚರ್ಮ ಮೈಗೆ ಹಿತ, ನಿಜ. ಒಂದಿಷ್ಟು ದಿನ ಕಟ್ಟಿದರೆ ಸೊಂಟದ ತಿರುವಿಗೆ ತಾನೇ ಬಾಗುತ್ತದೆ. ಸದ್ದಿಲ್ಲ, ಚೂಪು ಅಂಚಿಲ್ಲ. ಆದರೆ ಚರ್ಮ ನೀರು ಕುಡಿಯುತ್ತದೆ. ಕಾರವಾರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಅಂಗಿ ಹಿಂಡಿದರೆ ಬೆವರು ಇಳಿಯುತ್ತದೆ. ಆ ಬೆವರಿನ ಉಪ್ಪೆಲ್ಲ ಚರ್ಮದೊಳಗೆ ಇಳಿದು ಪಿಸ್ತೂಲಿನ ಉಕ್ಕಿಗೆ ಒತ್ತಿ ಕೂರುತ್ತದೆ. ನೀಲಿ ಬಣ್ಣ ಕೊಟ್ಟ ಹಳೆಯ ಪಿಸ್ತೂಲಿಗೆ ಒಂದೇ ರಾತ್ರಿಯಲ್ಲಿ ತುಕ್ಕಿನ ಚುಕ್ಕೆ ಬೀಳಬಹುದು. ಜೂನ್ ಬಂದರೆ ಬೂಜು. ಗೋಡೆಗೆ ತಗುಲಿ ಹಾಕಿದ ಚರ್ಮದ ಚೀಲ ನಾಲ್ಕು ದಿನದಲ್ಲಿ ಬೆಳ್ಳಗಾಗುವುದನ್ನು ನಾವೆಲ್ಲ ನೋಡಿದವರೇ.

ಕೈಡೆಕ್ಸ್ ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್. ಹಾಳೆಯನ್ನು ಬಿಸಿ ಮಾಡಿ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡುತ್ತಾರೆ. ನೀರು ಹೀರುವುದಿಲ್ಲ, ಬೂಜು ಹಿಡಿಯುವುದಿಲ್ಲ, ಬಾಯಿ ಮಡಚುವುದಿಲ್ಲ. ಸ್ಕ್ರೂ ತಿರುಗಿಸಿ ಹಿಡಿತ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಸಾಬೂನು ನೀರಿನಲ್ಲಿ ತೊಳೆದು ಒರೆಸಿದರೆ ಮುಗಿಯಿತು. ಕರಾವಳಿಯವರಿಗೆ ನಾನು ಹೇಳುವುದು ಇದನ್ನೇ. ಬೈಂದೂರು ದಾಟಿ ಭಟ್ಕಳದಿಂದ ಕಾರವಾರದವರೆಗೆ ಸಮುದ್ರದ ಪಕ್ಕ ಇರುವವರು ಚರ್ಮದ ಆಸೆ ಬಿಡಿ.

ಕೈಡೆಕ್ಸಿನ ತೊಂದರೆಗಳೂ ಇವೆ. ಅಂಚು ಚುಚ್ಚುತ್ತದೆ. ಬರಿಮೈಗೆ ತಾಗಿದರೆ ಬೆವರು ನಿಂತು ಕೆಂಪು ಗಾಯವಾಗುತ್ತದೆ. ಒಳಗೆ ಮರಳು ಹೊಕ್ಕರೆ ಪಿಸ್ತೂಲಿನ ಮೈ ಉಜ್ಜಿ ಹೋಗುತ್ತದೆ. ಟ್ಯಾಗೋರ್ ಬೀಚಿನಲ್ಲಿ ಒಂದು ಸುತ್ತು ನಡೆದು ಬಂದರೂ ಸಾಕು, ಮನೆಗೆ ಬಂದು ತೊಳೆಯಿರಿ. ಕೊಳ್ಳುವಾಗ ಅಂಚಿನ ಮೇಲೆ ಬೆರಳು ಓಡಿಸಿ. ಒರಟಾಗಿದ್ದರೆ ಮನೆಯಲ್ಲಿ ಸಣ್ಣ ಕಣದ ಉಜ್ಜುಕಾಗದದಿಂದ ನಯ ಮಾಡಿಕೊಳ್ಳಬಹುದು. ಪಿಸ್ತೂಲಿಗೂ ಮೈಗೂ ನಡುವೆ ಒಂದು ಎತ್ತರದ ಪಟ್ಟಿ ಇದೆಯೇ ನೋಡಿ. ಸ್ಲೈಡಿನ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಹಿಂಭಾಗ ಪಕ್ಕೆಗೆ ತಾಗದಂತೆ, ಬೆವರು ಪಿಸ್ತೂಲಿಗೆ ಇಳಿಯದಂತೆ ಅದು ಕಾಯುತ್ತದೆ.

ಹಿಂದೆ ಚರ್ಮ, ಮುಂದೆ ಕೈಡೆಕ್ಸ್ ಇರುವ ಮಿಶ್ರ ಜಾತಿ ಕೂಡ ಸಿಗುತ್ತದೆ. ಹಾಕಿಕೊಂಡ ಮೊದಲ ದಿನ ಎಷ್ಟು ಹಿತ ಅನಿಸುತ್ತದೆ ಅಂದ್ರೆ ಬೇರೇನೂ ಬೇಡ ಅನಿಸುತ್ತದೆ. ಆದರೆ ಮೈಗೆ ಅಂಟಿಕೊಂಡಿರುವುದು ಚರ್ಮದ ಭಾಗವೇ, ಬೆವರು ಕುಡಿಯುವುದೂ ಅದೇ. ವರ್ಷ ತುಂಬುವ ಹೊತ್ತಿಗೆ ಚರ್ಮದ ಮೇಲಂಚು ಸುರುಟಿ ಬಾಯಿಗೆ ಅಡ್ಡ ಬರುವ ಸಂಭವವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಇದನ್ನೂ, ಗಟ್ಟಿ ಚರ್ಮದ್ದನ್ನೂ ಬಳಸಬಹುದು. ಘಟ್ಟದ ಮೇಲಿನ ಚಳಿಗಾಲದಲ್ಲಿ ಚರ್ಮದಷ್ಟು ಸುಖ ಬೇರೆಯಿಲ್ಲ. ಮಳೆಗಾಲಕ್ಕೆ ಮಾತ್ರ ಅಲ್ಲಿಯವರೂ ಕೈಡೆಕ್ಸ್ ಇಟ್ಟುಕೊಳ್ಳಿ.

ನೈಲಾನಿನ 'ಎಲ್ಲದಕ್ಕೂ ಆಗುವ' ಹೋಲ್‌ಸ್ಟರ್ ಅಗ್ಗ. ಅದನ್ನು ಬಿಟ್ಟುಬಿಡಿ.

ಮೈಮೇಲೆ ಎಲ್ಲಿ

ಇದೇ ಹಿತದ ಗುಟ್ಟಿರುವ ಜಾಗ. ಹೊಕ್ಕುಳನ್ನು ಗಡಿಯಾರದ 12 ಗಂಟೆ ಅಂತ ಇಟ್ಟುಕೊಳ್ಳಿ. ಬಲಗೈಯವರಿಗೆ ಬಲ ಸೊಂಟ 3 ಗಂಟೆ, ಬೆನ್ನುಹುರಿ 6 ಗಂಟೆ. ಎಡಗೈಯವರು ಇದನ್ನು ತಿರುವಿ ಓದಿಕೊಳ್ಳಿ, ಕೊಳ್ಳುವಾಗಲೂ ಎಡಗೈಯದ್ದನ್ನೇ ಕೇಳಿ.

ಬಹುಪಾಲು ಜನರಿಗೆ ಹೊಂದುವುದು 3ರಿಂದ 4 ಗಂಟೆಯ ನಡುವೆ, ಪ್ಯಾಂಟಿನ ಒಳಗೆ ಕೂರುವ ಹೋಲ್‌ಸ್ಟರ್. ಸೊಂಟದ ಮೂಳೆಯ ಹಿಂದೆ ಒಂದು ಸಣ್ಣ ತಗ್ಗು ಇರುತ್ತದೆ. ಬೆರಳಿನಿಂದ ಒತ್ತಿ ಹುಡುಕಿ. ಪಿಸ್ತೂಲು ಮೂಳೆಯ ಮೇಲೆ ಕೂತರೆ ನೋವು, ಈ ತಗ್ಗಿನಲ್ಲಿ ಕೂತರೆ ಇದೆ ಅನ್ನುವುದೇ ಮರೆಯುತ್ತದೆ. ಅರ್ಧ ಇಂಚು ಆಚೀಚೆ ಸರಿದರೂ ದೊಡ್ಡ ವ್ಯತ್ಯಾಸ. ಹೋಲ್‌ಸ್ಟರ್ ಬದಲಿಸುವ ಮೊದಲು ಜಾಗ ಬದಲಿಸಿ ನೋಡಿ.

ಹಿಡಿ ಸ್ವಲ್ಪ ಮುಂದಕ್ಕೆ ಬಾಗಿರಲಿ, 10ರಿಂದ 15 ಡಿಗ್ರಿಯಷ್ಟು. ನೆಟ್ಟಗೆ ನಿಂತ ಹಿಡಿಯ ತುದಿ ಅಂಗಿಯನ್ನು ಹಿಂದೆ ಎತ್ತಿ ತೋರಿಸುತ್ತದೆ. ಎತ್ತರವನ್ನೂ ನೋಡಿ. ತೀರಾ ಮೇಲಿದ್ದರೆ ಪಕ್ಕೆಗೆ ಒತ್ತುತ್ತದೆ, ತೂಕ ಹೊರಕ್ಕೆ ವಾಲುತ್ತದೆ. ತೀರಾ ಕೆಳಗಿದ್ದರೆ ಹಿಡಿಯಲು ಬೆರಳು ಹೋಗುವುದಿಲ್ಲ. ಹಿಡಿಯ ಸುತ್ತ ಬೆರಳುಗಳು ಪೂರ್ತಿ ಸುತ್ತುವಷ್ಟು ಜಾಗ ಬೆಲ್ಟಿನ ಮೇಲೆ ಇದ್ದರೆ ಸಾಕು.

ಮುಂಭಾಗದಲ್ಲಿ, 1 ಗಂಟೆಯ ಹತ್ತಿರ ಕಟ್ಟುವವರಿದ್ದಾರೆ. ಚೆನ್ನಾಗಿ ಮರೆಯಾಗುತ್ತದೆ, ಕಾರಿನಲ್ಲಿ ಕೈಗೆ ಸಿಗುತ್ತದೆ. ಆದರೆ ಕೂತಾಗ ನಳಿಕೆಯ ಬಾಯಿ ತೊಡೆಯ ದೊಡ್ಡ ರಕ್ತನಾಳದ ಕಡೆ ಇರುತ್ತದೆ. ಹೊಟ್ಟೆ ಸ್ವಲ್ಪ ಮುಂದಿದ್ದವರಿಗೆ ಬಗ್ಗುವುದೇ ಕಷ್ಟ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಉಣ್ಣುವ ನಮ್ಮಂಥವರಿಗೆ ಇದು ಒಗ್ಗುವುದಿಲ್ಲ. ಹೊಸಬರು ಇಲ್ಲಿ ಕಟ್ಟಲೇಬೇಡಿ.

ಬೆನ್ನಿನ ನಡುವೆ, 6 ಗಂಟೆಗೆ ಕಟ್ಟುವುದು ನೋಡಲು ಅನುಕೂಲ ಅನಿಸುತ್ತದೆ. ನಮ್ಮ ಊರಿಗೆ ಇದು ಅಪಾಯ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳ, ತೋಟದ ಸಂಕ, ಒದ್ದೆ ಮೆಟ್ಟಿಲು ಎಲ್ಲೆಂದರಲ್ಲಿ ಜಾರುತ್ತದೆ. ಅಂಗಾತ ಬಿದ್ದರೆ ಬೆನ್ನುಹುರಿಯ ಕೆಳಗೆ ಉಕ್ಕಿನ ತುಂಡು ಇರುತ್ತದೆ. ಬೈಕ್ ಜಾರಿದರೂ ಅದೇ ಕಥೆ.

ಪಾದದ ಗಂಟಿಗೆ ಕಟ್ಟುವುದು ಚಪ್ಪಲಿ ಹಾಕುವ, ಪ್ಯಾಂಟು ಮಡಚುವ ಊರಿಗೆ ಹೇಳಿದ್ದಲ್ಲ. ಭುಜದ ಹೋಲ್‌ಸ್ಟರಿಗೆ ಮೇಲೊಂದು ಕೋಟು ಬೇಕು, ಕರಾವಳಿಯಲ್ಲಿ ಕೋಟು ಹಾಕಿದವರನ್ನೇ ಎಲ್ಲರೂ ತಿರುಗಿ ನೋಡುತ್ತಾರೆ. ಜೇಬಿನಲ್ಲಿ ಇಡುವುದಾದರೆ ಜೇಬಿನ ಹೋಲ್‌ಸ್ಟರ್ ಬೇಕೇ ಬೇಕು, ಆ ಜೇಬಿನಲ್ಲಿ ಬೀಗದ ಕೈ, ಚಿಲ್ಲರೆ, ಅಡಿಕೆ ಹೋಳು ಏನೂ ಇರಬಾರದು. ತೀರಾ ಚಿಕ್ಕ ಪಿಸ್ತೂಲಿಗೆ ಮಾತ್ರ ಇದು ಆಗುತ್ತದೆ.

ಪಂಚೆ, ಲುಂಗಿ ಉಡುವವರು ಕೇಳುವುದುಂಟು: ಹಾಗಾದ್ರೆ ನಾವೇನು ಮಾಡುವುದು? ನನ್ನ ಉತ್ತರ ನೇರ. ಪಂಚೆಯ ಗಂಟಿಗೆ ಪಿಸ್ತೂಲು ಸಿಕ್ಕಿಸಬೇಡಿ. ಗಂಟು ಸಡಿಲವಾಗುತ್ತಲೇ ಇರುತ್ತದೆ, ನಾವು ಎತ್ತಿ ಕಟ್ಟುತ್ತಲೇ ಇರುತ್ತೇವೆ. ಹೊಟ್ಟೆಗೆ ಸುತ್ತುವ ಅಗಲದ ಎಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದರಲ್ಲಿ ಟ್ರಿಗರ್ ಮುಚ್ಚುವ ಗಟ್ಟಿ ಕವಚ ಇದ್ದರೆ ಮಾತ್ರ ಪರವಾಗಿಲ್ಲ. ಸೆಕೆಯಲ್ಲಿ ಅದೂ ಒದ್ದೆ ಮುದ್ದೆ. ಪಿಸ್ತೂಲು ಒಯ್ಯುವ ದಿನ ಪ್ಯಾಂಟ್ ಹಾಕಿ, ಪಂಚೆ ಉಡುವ ದಿನ ಪಿಸ್ತೂಲು ಬೀಗದಲ್ಲಿ ಇಡಿ. ಚೂಡಿದಾರ ಹಾಕುವ ಹೆಣ್ಣುಮಕ್ಕಳಿಗೂ ಕವಚವಿರುವ ಈ ಪಟ್ಟಿಯೇ ಹೆಚ್ಚು ಹೊಂದುತ್ತದೆ. ಉದ್ದ ಕುರ್ತಾ ಚೆನ್ನಾಗಿ ಮರೆ ಮಾಡುತ್ತದೆ. ವ್ಯಾನಿಟಿ ಬ್ಯಾಗಿನಲ್ಲಿ ಇಡುವ ಯೋಚನೆ ಬೇಡ, ಕಳ್ಳ ಮೊದಲು ಕಿತ್ತುಕೊಳ್ಳುವುದೇ ಬ್ಯಾಗನ್ನು.

ಬೆಲ್ಟಿಗೆ ದುಡ್ಡು ಹಾಕಿ, ದರ್ಜಿ ಹತ್ತಿರ ಹೋಗಿ

ಹೋಲ್‌ಸ್ಟರ್ ಸರಿಯಿಲ್ಲ ಅಂತ ಬೈಯುವವರಲ್ಲಿ ಬಹಳ ಜನರ ಬೆಲ್ಟೇ ಸರಿಯಿರುವುದಿಲ್ಲ. ಗುಂಡು ತುಂಬಿದ ಚಿಕ್ಕ ಪಿಸ್ತೂಲು ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ. ತೆಳು ಬೆಲ್ಟ್ ಒಂದು ಕಡೆ ಜೋತು ಬೀಳುತ್ತದೆ. ನೀವು ಬಿಗಿ ಮಾಡುತ್ತೀರಿ, ಹೊಟ್ಟೆ ಹಿಂಡುತ್ತದೆ, ಮಧ್ಯಾಹ್ನದ ಊಟ ಆದ ಮೇಲೆ ಉಸಿರಾಡಲು ಆಗುವುದಿಲ್ಲ. ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ಅಗಲದ, ಎರಡು ಪದರದ ಗಟ್ಟಿ ಬೆಲ್ಟ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಬೆಲ್ಟನ್ನು ಅಗಲದ ಕಡೆಯಿಂದ ತಿರುಚಿ ನೋಡಿ. ಸುಲಭವಾಗಿ ತಿರುಚಿದರೆ ಬೇಡ. ಕರಾವಳಿಗೆ ಒಳಗೆ ಗಟ್ಟಿ ಪಟ್ಟಿ ಇರುವ ನೈಲಾನ್ ಬೆಲ್ಟ್ ಒಳ್ಳೆಯದು, ಬೆವರಿಗೆ ಮೆತ್ತಗಾಗುವುದಿಲ್ಲ. ಕ್ಲಿಪ್ಪಿನ ಅಗಲ ಬೆಲ್ಟಿನ ಅಗಲಕ್ಕೆ ಸರಿಹೊಂದಬೇಕು.

ಪ್ಯಾಂಟಿನ ಸೊಂಟ ನಿಮ್ಮ ಮಾಮೂಲಿ ಅಳತೆಗಿಂತ ಒಂದೂವರೆ ಇಂಚಿನಷ್ಟು ಜಾಸ್ತಿ ಬೇಕು. ಇಲ್ಲಿ ನಮ್ಮ ಊರಿನ ದೊಡ್ಡ ಅನುಕೂಲ ದರ್ಜಿಗಳು. ಹೊಲಿಸಿ ಹಾಕುವ ಪದ್ಧತಿ ಇನ್ನೂ ಇದೆ. ಕ್ಲಿಪ್ ಕೂರುವ ಜಾಗದಲ್ಲಿ ಬೆಲ್ಟಿನ ಪಟ್ಟಿ ಅಡ್ಡ ಬರುತ್ತಿದ್ದರೆ ಅದನ್ನು ಪಕ್ಕಕ್ಕೆ ಸರಿಸಿ ಹೊಲಿಯಲು ಹೇಳಿ. ಪಟ್ಟಿಗಳು ಅಗಲವಾಗಿರಲಿ, ಸೊಂಟದ ಒಳಪಟ್ಟಿಗೆ ಎರಡು ಪದರ ಕೊಡಲಿ. ಅಳತೆ ಕೊಡುವಾಗ ಪಿಸ್ತೂಲು ಒಯ್ಯಬೇಡಿ. ಖಾಲಿ ಹೋಲ್‌ಸ್ಟರ್ ಸಾಕು. ಅದರ ಬಗ್ಗೆಯೂ ಹೇಳಲು ಇಷ್ಟವಿಲ್ಲದಿದ್ದರೆ ಒಂದು ಚಪ್ಪಟೆ ಮರದ ತುಂಡನ್ನು ಆ ಜಾಗದಲ್ಲಿಟ್ಟು ಅಳತೆ ಕೊಟ್ಟರಾಯಿತು.

ಅಂಗಿ ಮತ್ತು ರೇನ್‌ಕೋಟ್

ಹೋಲ್‌ಸ್ಟರಿಗೂ ಮೈಗೂ ನಡುವೆ ಹತ್ತಿಯ ಬನಿಯನ್ ಇರಲೇಬೇಕು. ಸ್ವಲ್ಪ ಉದ್ದದ್ದು ತಗೊಂಡು ಪ್ಯಾಂಟಿನೊಳಗೆ ಸಿಕ್ಕಿಸಿ. ಸೆಕೆಗೆ ಬನಿಯನ್ ಬೇಡ ಅನಿಸಬಹುದು. ಒಂದು ದಿನ ಹಾಕದೆ, ಒಂದು ದಿನ ಹಾಕಿ ನೋಡಿದರೆ ನೀವೇ ಒಪ್ಪುತ್ತೀರಿ.

ಅಂಗಿ ಹೊರಗೆ ಬಿಡುವಂಥದ್ದು, ನೇರ ಅಂಚಿನದ್ದು, ಸ್ವಲ್ಪ ದಪ್ಪ ಹತ್ತಿಯದ್ದು. ಚೌಕಳಿ, ಹೂವಿನ ಅಚ್ಚು ಇದ್ದರೆ ಉಬ್ಬು ಕಾಣುವುದಿಲ್ಲ. ತೆಳು ಬಿಳಿ ಅಂಗಿಗೆ ಮಳೆ ತಾಗಿದರೆ ಮೈಗೆ ಅಂಟಿ ಪಿಸ್ತೂಲಿನ ಆಕಾರ ಬರೆದ ಹಾಗೆ ಕಾಣುತ್ತದೆ. ಕೈ ಎತ್ತಿ ಅಟ್ಟದ ಮೇಲಿನ ಡಬ್ಬಿ ತೆಗೆಯುವ ಹಾಗೆ ನಿಲ್ಲಿ, ಹಿಂದಿನಿಂದ ಮನೆಯವರು ನೋಡಲಿ. ಹೋಲ್‌ಸ್ಟರಿನ ತುದಿ ಕಂಡರೆ ಅಂಗಿ ಇನ್ನೆರಡು ಇಂಚು ಉದ್ದ ಬೇಕು.

ರೇನ್‌ಕೋಟಿನ ವಿಷಯವನ್ನು ಒತ್ತಿ ಹೇಳಬೇಕು. ಜಾಕೆಟಿನ ಅಂಚಿನಲ್ಲಿ ಎಳೆದು ಕಟ್ಟುವ ದಾರ, ಅದರ ತುದಿಗೆ ಪ್ಲಾಸ್ಟಿಕ್ ಗುಬಟು ಇರುತ್ತದಲ್ಲ, ಅದು ಹೋಲ್‌ಸ್ಟರಿನ ಬಾಯಿಗೆ ಬಿದ್ದರೆ ನೇರ ಟ್ರಿಗರಿಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಆ ದಾರ ಕತ್ತರಿಸಿ ಬಿಸಾಡಿ. ಅಂಗಿಯ ತುದಿಯೂ ಹೀಗೇ ನುಗ್ಗಬಹುದು. ಪಿಸ್ತೂಲು ಒಳಗಿಡುವಾಗ ಒಂದು ಕೈಯಿಂದ ಬಟ್ಟೆ ಎತ್ತಿ ಹಿಡಿದು, ಕಣ್ಣಿನಿಂದ ನೋಡಿಕೊಂಡು, ಬೆರಳು ಟ್ರಿಗರಿನಿಂದ ದೂರವಿಟ್ಟು, ನಿಧಾನವಾಗಿ ಇಳಿಸಬೇಕು. ಹೊರ ತೆಗೆಯುವಾಗ ಅವಸರ ಇರಬಹುದು, ಒಳಗಿಡುವಾಗ ಅವಸರ ಅನ್ನುವುದೇ ಇಲ್ಲ.

ಲೈಸೆನ್ಸ್ ಪುಸ್ತಕಕ್ಕೂ ಒಂದು ನೀರು ಹೋಗದ ಕವರ್ ಮಾಡಿ. ಒದ್ದೆಯಾಗಿ ಮಸಿ ಹರಡಿದ ಪುಸ್ತಕ ತೋರಿಸಿದರೆ ಪೊಲೀಸರು ಒಪ್ಪಬೇಕೆಂದಿಲ್ಲ.

ಮನೆಯಲ್ಲಿ ಪರೀಕ್ಷೆ

ಹೊಸ ಹೋಲ್‌ಸ್ಟರ್ ಕಟ್ಟಿಕೊಂಡು ಮೊದಲ ದಿನವೇ ಪೇಟೆಗೆ ಹೋಗಬೇಡಿ. ಮೊದಲು ಪಿಸ್ತೂಲು ಖಾಲಿ ಮಾಡಿ. ಕ್ರಮ ತಪ್ಪಬಾರದು: ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಎಳೆದು ಚೇಂಬರಿನ (ನಳಿಕೆಯ ಬುಡದಲ್ಲಿ ಗುಂಡು ಕೂರುವ ಜಾಗ) ಗುಂಡು ಹೊರಗೆ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ಕ್ರಮ ಹಿಂದುಮುಂದಾದರೆ ಮ್ಯಾಗಜಿನ್‌ನಿಂದ ಇನ್ನೊಂದು ಗುಂಡು ಚೇಂಬರಿಗೆ ಏರಿ ಕೂರುತ್ತದೆ, ಪಿಸ್ತೂಲು ಖಾಲಿ ಅಂತ ನೀವು ನಂಬಿರುತ್ತೀರಿ. ಗುಂಡುಗಳು ಬೇರೆ ಕೋಣೆಯಲ್ಲಿ, ಬೀಗದೊಳಗೆ ಇರಲಿ.

ಈಗ ಖಾಲಿ ಪಿಸ್ತೂಲು ಕಟ್ಟಿಕೊಂಡು ಮನೆಯೊಳಗೆ ಒಂದಿಡೀ ದಿನ ಕಳೆಯಿರಿ. ನೆಲದ ಮೇಲೆ ಕೂತು ಊಟ ಮಾಡಿ. ಮೆಟ್ಟಿಲು ಹತ್ತಿ. ಚಪ್ಪಲಿ ಎತ್ತಿಕೊಳ್ಳಲು ಬಗ್ಗಿ. ಸೀಟ್ ಬೆಲ್ಟ್ ಹಾಕಿದಾಗ ಅದರ ಕೊಕ್ಕೆ ಹಿಡಿಗೆ ತಾಗುತ್ತದೆಯೇ ನೋಡಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಮೈ ಆ ಕಡೆ ಈ ಕಡೆ ವಾಲುವ ಹಾಗೆ ಕುರ್ಚಿಯ ಮೇಲೆ ವಾಲಿ ನೋಡಿ. ಅಂಗಳದಲ್ಲಿ ನಿಂತ ಬೈಕಿನ ಮೇಲೆ ಹತ್ತಿ ಇಳಿಯಿರಿ. ಎಲ್ಲಿ ಚುಚ್ಚಿತು, ಯಾವಾಗ ಚುಚ್ಚಿತು ಗುರುತು ಮಾಡಿಕೊಳ್ಳಿ. ಕೂತಾಗ ಮಾತ್ರ ಚುಚ್ಚಿದರೆ ಎತ್ತರದ ತಪ್ಪು. ನಿಂತಾಗಲೂ ನೋವಾದರೆ ಮೂಳೆಯ ಮೇಲೆ ಕೂತಿದೆ. ನಳಿಕೆಯ ತುದಿ ಪೃಷ್ಠಕ್ಕೆ ಒತ್ತಿದರೆ ಹೋಲ್‌ಸ್ಟರಿನ ಕೆಳಭಾಗದಲ್ಲಿ ಮೈ ಕಡೆ ಒಂದು ತೆಳು ಫೋಮ್ ತುಂಡು ಅಂಟಿಸಿ. ಅದು ಹಿಡಿಯನ್ನು ಮೈಗೆ ಒತ್ತಿ ಮರೆ ಮಾಡಲೂ ನೆರವಾಗುತ್ತದೆ.

ಹೊಸ ಚರ್ಮದ್ದು ತೀರಾ ಬಿಗಿ ಅನಿಸಿದರೆ ಖಾಲಿ ಪಿಸ್ತೂಲನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗಿಟ್ಟು ಒಂದು ರಾತ್ರಿ ಬಿಡಿ, ಅಲ್ಮೇರಾದ ಬೀಗದೊಳಗೆ. ಎಣ್ಣೆ ಹಚ್ಚಿ ಮೆತ್ತಗೆ ಮಾಡಲು ಹೋಗಬೇಡಿ, ಆಮೇಲೆ ಬಾಯಿ ನಿಲ್ಲುವುದಿಲ್ಲ.

ಚೇಂಬರಿನಲ್ಲಿ ಗುಂಡು ಇಡಬೇಕೇ ಎಂಬ ಪ್ರಶ್ನೆ ಇಲ್ಲೇ ಬರುತ್ತದೆ. ಹಳೆಯ .32 ಪಿಸ್ತೂಲುಗಳಲ್ಲಿ ಬಹಳಷ್ಟಕ್ಕೆ ಗುಂಡಿನ ಹಿಂಭಾಗಕ್ಕೆ ಬಡಿಯುವ ಫೈರಿಂಗ್ ಪಿನ್ ತಡೆಯುವ ಏರ್ಪಾಡಿಲ್ಲ. ಕಲ್ಲಿನ ನೆಲಕ್ಕೆ ಬಿದ್ದರೆ ಗುಂಡು ಹಾರಬಹುದು. ಅಂಥ ಪಿಸ್ತೂಲು ಇದ್ದವರು ಚೇಂಬರ್ ಖಾಲಿ ಇಟ್ಟೇ ಒಯ್ಯಿರಿ.

ಕೊಳ್ಳುವಾಗ

ಹೋಲ್‌ಸ್ಟರ್ ಕೊಳ್ಳಲು ಲೈಸೆನ್ಸ್ ಬೇಡ, ಆದರೆ ಬಂದೂಕಿನ ಅಂಗಡಿಯಲ್ಲೇ ಕೊಂಡರೆ ಕೂರಿಸಿ ನೋಡಬಹುದು. ಹುಬ್ಬಳ್ಳಿ ಕಡೆಗೆ ಹೋದಾಗ ನೋಡಿಕೊಂಡು ಬನ್ನಿ. ಚರ್ಮದ ಕೆಲಸ ಬಲ್ಲವರ ಹತ್ತಿರ ಹೊಲಿಸುವುದಾದರೆ ಪಿಸ್ತೂಲನ್ನು ಅವರ ಹತ್ತಿರ ಬಿಟ್ಟು ಬರುವುದು ಕಾನೂನಿಗೆ ವಿರುದ್ಧ. ಬಡಗಿಯಿಂದ ಅದೇ ಅಳತೆಯ ಮರದ ಅಚ್ಚು ಮಾಡಿಸಿ ಅದನ್ನು ಕೊಡಿ. ದಪ್ಪ ಚರ್ಮ, ಬಾಯಿಗೆ ಎರಡನೇ ಪದರ, ಟ್ರಿಗರ್ ಮುಚ್ಚುವ ಎತ್ತರ ಈ ಮೂರನ್ನೂ ಬಾಯಿಬಿಟ್ಟು ಕೇಳಿ. ಒಳಗೆ ಮಖಮಲ್ಲಿನಂಥ ಅಸ್ತರಿ ಬೇಡವೇ ಬೇಡ. ಅದು ತೇವ ಹಿಡಿದಿಡುತ್ತದೆ.

ದಿನದ ಆರೈಕೆ, ದಿನದ ಎಚ್ಚರ

ಮನೆಗೆ ಬಂದ ಕೂಡಲೇ ಪಿಸ್ತೂಲು ಹೋಲ್‌ಸ್ಟರಿನಿಂದ ಹೊರಗೆ ಬರಬೇಕು. ಖಾಲಿ ಮಾಡಿ, ಒಣ ಹತ್ತಿ ಬಟ್ಟೆಯಿಂದ ಒರೆಸಿ, ಬಂದೂಕಿನ ಎಣ್ಣೆಯನ್ನು ತೆಳುವಾಗಿ ಸವರಿ, ಬೀಗ ಹಾಕಿದ ಕಪಾಟಿನಲ್ಲಿಡಿ. ಗುಂಡುಗಳಿಗೆ ಬೇರೆ ಬೀಗ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಮಳೆಗಾಲದಲ್ಲಿ ಆಗಾಗ ಬದಲಿಸಿ. ಹೋಲ್‌ಸ್ಟರಿನೊಳಗೇ ಪಿಸ್ತೂಲು ಇಟ್ಟು ಮಲಗುವುದು ತುಕ್ಕಿಗೆ ಕರೆ ಕೊಟ್ಟ ಹಾಗೆ.

ಒದ್ದೆಯಾದ ಚರ್ಮವನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ಒಣಗಿಸಿ. ಬಚ್ಚಲ ಒಲೆಯ ಹತ್ತಿರ ಇಟ್ಟರೆ ಬಿರಿಯುತ್ತದೆ. ಕೈಡೆಕ್ಸಿನ ಸ್ಕ್ರೂಗಳನ್ನು ವಾರಕ್ಕೊಮ್ಮೆ ನೋಡಿ. ಉಪ್ಪುಗಾಳಿಗೆ ಅವು ತುಕ್ಕು ಹಿಡಿಯುತ್ತವೆ, ಬೈಕಿನ ಕಂಪನಕ್ಕೆ ಸಡಿಲವಾಗುತ್ತವೆ. ದಿನಾ ಅದೇ ಗುಂಡನ್ನು ಚೇಂಬರಿಗೆ ಹಾಕಿ ತೆಗೆದು ಮಾಡುತ್ತಿದ್ದರೆ ಸೀಸದ ತುದಿ ತೋಟೆಯೊಳಗೆ ಹಿಂದಕ್ಕೆ ಸರಿಯುತ್ತದೆ. ಬೇರೆ ಗುಂಡಿನ ಪಕ್ಕ ನಿಲ್ಲಿಸಿ ನೋಡಿ. ಗಿಡ್ಡವಾಗಿದ್ದರೆ ಅದನ್ನು ಹಾರಿಸಬೇಡಿ.

ಶೌಚಾಲಯದಲ್ಲಿ ಬಹಳ ಜನ ಪಿಸ್ತೂಲು ಮರೆತು ಬರುತ್ತಾರೆ ಅಥವಾ ಬೀಳಿಸುತ್ತಾರೆ. ಪ್ಯಾಂಟ್ ಇಳಿಸುವ ಮೊದಲು ಹೋಲ್‌ಸ್ಟರ್ ಸಮೇತ ಬಿಚ್ಚಿ ಮುಂದೆ, ಪ್ಯಾಂಟಿನ ಮಡಿಕೆಯಲ್ಲೇ ಇಟ್ಟುಕೊಳ್ಳಿ. ಗೋಡೆಯ ಮೊಳೆಗೆ ಟ್ರಿಗರ್ ಗಾರ್ಡಿನಿಂದ ನೇತು ಹಾಕುವುದಾಗಲಿ, ನೀರಿನ ಟ್ಯಾಂಕಿನ ಮೇಲೆ ಇಡುವುದಾಗಲಿ ಬೇಡ. ಪಿಸ್ತೂಲು ಹೋಲ್‌ಸ್ಟರಿನಿಂದ ಹೊರಗೆ ಬರುವ ಅಗತ್ಯವೇ ಇಲ್ಲ.

ಗೋಕರ್ಣದಂಥ ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆದು ಪಂಚೆ ಉಟ್ಟು ಒಳಗೆ ಹೋಗಬೇಕು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ನೂಕುನುಗ್ಗಲಿನಲ್ಲಿ ಯಾರ ಕೈ ಯಾರ ಸೊಂಟಕ್ಕೆ ತಾಗುತ್ತದೆ ಹೇಳಲಾಗದು. ಅಂಥ ದಿನ ಹೊರಡುವ ಮೊದಲೇ ಪಿಸ್ತೂಲನ್ನು ಮನೆಯ ಕಪಾಟಿನಲ್ಲಿ ಬೀಗ ಹಾಕಿಡಿ. ಅಲ್ಲಿ ಹೋದ ಮೇಲೆ ಕಾರಿನಲ್ಲಿಟ್ಟು ಬರುತ್ತೇನೆ ಅಂತ ಹೊರಡಬೇಡಿ. ಎರಡು ಪೆಗ್ ಹಾಕುವ ಕಾರ್ಯಕ್ರಮ ಇದ್ದ ದಿನಕ್ಕೂ ಇದೇ ನಿಯಮ.